ಪುಟ್ಟಿ ಥಾರ್‌ಗೆ ಲಿಫ್ಟ್ ಬೇಕಾ ಬೇಡ್ವಾ: ಮನೆ ಗ್ರೂಪಲ್ಲಿ ನಡೆದ ಚರ್ಚೆ

ಸಾಗರದ ಅಣ್ಣ: ಪುಟ್ಟಿ, ಮೇಲೆ ಹಾಕಿರೋ ಕೊಟೇಶನ್ ನೋಡೆ. 33 ಇಂಚು ಮಡ್ ಟೈರ್ 5, ನಿನ್ನ ಥಾರ್ ಜೀಪನ್ನ 3 ಇಂಚು ಎತ್ತರ ಮಾಡೋ ಲಿಫ್ಟ್ ಕಿಟ್, ಫಿಟ್ಟಿಂಗ್ ಎಲ್ಲಾ ಅವ್ರದ್ದೇ. ಹೇಗೂ ನಿನ್ನ ಟೈರ್ ಸವ್ದು ಹೋಗಿದೆ, ಮಳೆ ಹಿಡಿಯೋದ್ರೊಳಗೆ ಒಂದೇ ಸಲ ಮಾಡ್ಸಿಬಿಡು

ಪುಟ್ಟಿ: ಫೋಟೋ ನೋಡಿದ್ರೇನೇ ಆಸೆ ಆಗ್ತಿದೆ ಅಣ್ಣ 😍 ಟೈರಿಗೆ ಅಪ್ಪ ದುಡ್ಡು ಕೊಡ್ತಾರಂತೆ, ಲಿಫ್ಟ್ ಮಾತ್ರ ಅತ್ತೆ ಹ್ಞೂಂ ಅಂದ್ರೆ ಅಂತ ಹೇಳಿದಾರೆ

ತೀರ್ಥಹಳ್ಳಿ ಅತ್ತೆ: ಹ್ಞೂಂ ಅನ್ನಲ್ಲ. ತೋಟದಲ್ಲಿದೀನಿ, ಮನೆಗೆ ಹೋಗಿ ಬರೀತೀನಿ ಯಾಕೆ ಅಂತ

ಸಾಗರದ ಅಣ್ಣ: ಅತ್ತೆ, ಕೊಡಚಾದ್ರಿ ಜೀಪ್‌ನೋರು ಎಂಥಾ ಬಟನ್ ಟೈರ್ ಹಾಕಿರ್ತಾರೆ ನೀವೇ ನೋಡಿದೀರಲ್ಲ, ಮಲೆನಾಡಲ್ಲಿ ಕೆಸರಿಗೆ ಅದೇ ಬೇಕಾಗೋದು

ದೊಡ್ಡಪ್ಪ: ಅವ್ರು ದಿನಾ ಅದೇ ರೋಡಲ್ಲಿ ಹತ್ತಿ ಇಳಿಯೋರು. ಪುಟ್ಟಿ ದಿನಾ ಕಾಲೇಜಿಗೆ ಹೋಗೋಳು

ತೀರ್ಥಹಳ್ಳಿ ಅತ್ತೆ: ಹಾಂ ದೊಡ್ಡಪ್ಪ ಹೇಳಿದ್ದೇ ನನ್ನ ಮೊದಲ್ನೇ ಮಾತು. ಈ ಗಾಡಿ ಎಲ್ಲೆಲ್ಲಿ ಓಡತ್ತೆ ಅಂತ ಯಾರಾದ್ರೂ ಯೋಚ್ನೆ ಮಾಡಿದೀರಾ? ಮೇಗರವಳ್ಳಿಯಿಂದ ತೀರ್ಥಹಳ್ಳಿಗೆ ದಿನಾ ಟಾರ್ ರೋಡು, ಶಿವಮೊಗ್ಗಕ್ಕೆ ಹೋದ್ರೆ ಮಂಡಗದ್ದೆ ಮೇಲೆ ಹೊಳೆ ಪಕ್ಕದಲ್ಲೇ ಟಾರ್ ರೋಡು, ಉಡುಪಿಗೆ ಹೋದ್ರೆ ಆಗುಂಬೆ ಘಾಟಿ, 14 ತಿರುವು, ಅದೂ ಟಾರೇ. ಕೆಸರು ಅಂದ್ರೆ ಗೇಟಿಂದ ತೋಟದ ತನಕ ಮಾತ್ರ. ವರ್ಷಕ್ಕೆ 7000 ಮಿಮೀ ಮೇಲೆ ಮಳೆ ಬೀಳೋ ಆಗುಂಬೆ ಪಕ್ಕದಲ್ಲಿದೀವಿ, ಅಂದ್ರೆ ಇವ್ಳು ಗಾಡಿ ಓಡಿಸೋದು ಹೆಚ್ಚಿಗೆ ಒದ್ದೆ ಟಾರಿನ ಮೇಲೆ. ಮಡ್ ಟೈರಿಗೆ ಗಡ್ಡೆ ಗಡ್ಡೆ ದೊಡ್ಡದು, ನಡುವೆ ಸಂದು ದೊಡ್ಡದು, ಟಾರಿಗೆ ತಾಗೋ ರಬ್ಬರೇ ಕಮ್ಮಿ, ಆ ಗಡ್ಡೆ ಮೇಲೆ ಸಣ್ಣ ಸಣ್ಣ ಸೀಳು ಇರತ್ತಲ್ಲ ಒದ್ದೆ ರೋಡಲ್ಲಿ ಹಿಡಿತ ಕೊಡೋದು ಅದೂ ಕಮ್ಮಿ. ಮಳೇಲಿ ಬ್ರೇಕ್ ಒತ್ತಿದ್ರೆ ನಿಲ್ಲೋಕೆ ಜಾಸ್ತಿ ದೂರ ಬೇಕು. ಎದುರಿಗೆ ಬಸ್ಸು ಬಂದಾಗ ಅದು ಎಷ್ಟು ಮುಖ್ಯ ಅಂತ ಘಾಟೀಲಿ ಓಡ್ಸಿದೋರಿಗೆ ಹೇಳ್ಬೇಕಾಗಿಲ್ಲ

ಸಾಗರದ ಅಣ್ಣ: ಸರಿ ಟೈರ್ ಎಟಿ (ಆಲ್ ಟೆರೇನ್, ಟಾರು ಕೆಸರು ಎರಡಕ್ಕೂ ಆಗೋದು) ಹಾಕ್ಸೋಣ. ಲಿಫ್ಟಿಗೆ ಎಂತ ತೊಂದ್ರೆ? ತೋಟದ ರೋಡಲ್ಲಿ ಟ್ರ್ಯಾಕ್ಟರ್ ಓಡಿ ಓಡಿ ಎರಡೂ ಕಡೆ ಗುಂಡಿ ಬಿದ್ದು ನಡುವೆ ದಿಬ್ಬ ಎದ್ದಿದೆ, ಹೋದ ಮಳೆಗಾಲ ಔಷಧಿ ಹೊಡೆಯೋ ಟೈಮಲ್ಲಿ ಪಿಕಪ್ ಅಲ್ಲೇ ಹೊಟ್ಟೆ ಕೊಟ್ಟು ಕೂತಿತ್ತಲ್ಲ

ತೀರ್ಥಹಳ್ಳಿ ಅತ್ತೆ: ಒಳ್ಳೆ ಪ್ರಶ್ನೆ. ದಿಬ್ಬಕ್ಕೆ ಮೊದ್ಲು ತಾಗೋದು ಯಾವುದು ಹೇಳು? ಹಿಂದಿನ ಹೌಸಿಂಗು, ಆಕ್ಸಲ್ ನಡುವೆ ಗೇರ್ ಇರೋ ಉಂಡೆ. ಥಾರ್‌ಗೆ ಹಿಂದೆ ಇರೋದು ಗಟ್ಟಿ ಆಕ್ಸಲ್, ಅದು ಚಕ್ರದ ಜೊತೆಗೇ ಇರತ್ತೆ, ನೀನು ಸ್ಪ್ರಿಂಗ್ 3 ಇಂಚು ಎತ್ತು 5 ಇಂಚು ಎತ್ತು, ಮೇಲೆ ಹೋಗೋದು ಬಾಡಿ ಮತ್ತೆ ಚಾಸಿ, ಹೌಸಿಂಗ್ ಇದ್ದಲ್ಲೇ ಇರತ್ತೆ. ಹೌಸಿಂಗ್ ಮೇಲೆ ಬರ್ಬೇಕು ಅಂದ್ರೆ ದೊಡ್ಡ ಟೈರೇ ಬೇಕು, ಅದೂ ಲೆಕ್ಕ ಮಾಡು. ಈಗಿರೋ ಟೈರ್ 255/65 ಆರ್18, ಅಂದ್ರೆ 18 ಇಂಚಿನ ರಿಮ್ಮಿಂದು, ಎತ್ತರ 789 ಮಿಮೀ. 33 ಇಂಚು ಅಂದ್ರೆ 838. ವ್ಯತ್ಯಾಸ 49, ಅದರಲ್ಲಿ ಅರ್ಧ ಮಾತ್ರ ಕೆಳಗೆ ಸಿಗೋದು, ಅಂದ್ರೆ 25 ಮಿಮೀ ಹತ್ರ, ಒಂದು ಇಂಚು! ಒಂದಿಂಚಿಗೆ ಇಷ್ಟು ದುಡ್ಡಾ. ಜೊತೆಗೆ ಮೀಟರ್ ಸುಳ್ಳು ಹೇಳತ್ತೆ, 60 ತೋರ್ಸಿದಾಗ ಗಾಡಿ 64 ಹತ್ರ ಹೋಗ್ತಿರತ್ತೆ, ಗೇರಿನ ಎಳೆತ ಕಮ್ಮಿ ಆಗತ್ತೆ, ಏರು ಹತ್ತುವಾಗ ಹೊಸಬ್ರು ಕ್ಲಚ್ ಅರ್ಧ ಒತ್ಕೊಂಡು ಸುಡ್ತಾರೆ

ತೀರ್ಥಹಳ್ಳಿ ಅತ್ತೆ: ಮುಂದಿನದ್ದೂ ಹೇಳ್ತೀನಿ. ಮುಂದೆ ಬಿಡಿಬಿಡಿ ಸಸ್ಪೆನ್ಶನ್ನು, ಎತ್ತಿದ್ರೆ ಆಕ್ಸಲ್ ಶಾಫ್ಟ್ ಓರೆ ಆಗಿ ಜಾಯಿಂಟ್ ಮುಚ್ಚಿರೋ ರಬ್ಬರ್ ಬೂಟ್ ಬೇಗ ಹರಿಯತ್ತೆ, ಕೆಸರು ಒಳಗೆ ಹೋದ್ರೆ ಜಾಯಿಂಟ್ ಕತೆ ಮುಗೀತು. ಗಾಡಿ ಮೊದ್ಲೇ ಎತ್ತರ, ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರದ ನಡುವಿನ ಅಂತರ) ಬರೀ 2450 ಮಿಮೀ. ಇನ್ನೂ ಎತ್ತಿದ್ರೆ ಭಾರ ಮೇಲೆ ಹೋಗಿ ತಿರುವಲ್ಲಿ ವಾಲತ್ತೆ. ಹತ್ತು ವರ್ಷ ಓಡ್ಸಿದೋರಿಗೆ ಅದು ಕೈಗೆ ಗೊತ್ತಾಗತ್ತೆ, ಇವ್ಳಿಗೆ ಲೈಸೆನ್ಸ್ ಬಂದು ಇನ್ನೂ ವರ್ಷ ತುಂಬಿಲ್ಲ

ಶಿವಮೊಗ್ಗ ಭಾವ: ಕಾನೂನಿನ ವಿಷ್ಯ ಒಂದು ಸೇರಿಸ್ತೀನಿ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ ಆರ್‌ಸಿಲಿ ಇರೋ ಕಂಪನಿ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. 182ಎ ಪ್ರಕಾರ ಒಂದೊಂದು ಬದಲಾವಣೆಗೆ 5000 ದಂಡ, ಅಥವಾ 6 ತಿಂಗಳ ತನಕ ಜೈಲು, ಎರಡೂ ಆಗ್ಬಹುದು. ಅದಕ್ಕಿಂತ ದೊಡ್ಡದು ಇನ್ಶೂರೆನ್ಸು, ಏನಾದ್ರೂ ಆದ್ರೆ ಲಿಫ್ಟ್ ಕಿಟ್ ತೋರಿಸಿ ಕ್ಲೇಮ್ ಕೊಡಲ್ಲ ಅಂದ್ರೆ ನಾವು ಎಂತ ಮಾಡೋದು

ಸಾಗರದ ಅಣ್ಣ: ನೀವೆಲ್ಲ ಸೇರಿ ಹುಡುಗಿ ಆಸೆಗೆ ತಣ್ಣೀರು ಹಾಕ್ತಿದೀರಿ

ಪುಟ್ಟಿ: ಇಲ್ಲ ಅಣ್ಣ, ಹೌಸಿಂಗ್ ವಿಷ್ಯ ನಂಗೆ ಗೊತ್ತೇ ಇರ್ಲಿಲ್ಲ. ಆದ್ರೆ ಅತ್ತೆ, ಹಾಗಾದ್ರೆ ದಿಬ್ಬ ದಾಟೋದು ಹೇಗೆ

ದೊಡ್ಡಪ್ಪ: ರೋಡ್ ಸರಿ ಮಾಡೋದು. ಲಿಫ್ಟಿನ ದುಡ್ಡಲ್ಲಿ ಎಷ್ಟು ಲೋಡು ಜಲ್ಲಿ ಬರತ್ತೆ. ಮೇ ತಿಂಗಳೊಳಗೆ ಜೆಸಿಬಿ ಕರ್ಸಿ ದಿಬ್ಬ ಕೆರೆಸಿ ಗುಂಡಿ ತುಂಬ್ಸಿ ಪಕ್ಕದಲ್ಲಿ ಚರಂಡಿ ಬಿಡ್ಸಿದ್ರೆ ಪಿಕಪ್ಪೂ ಹೋಗತ್ತೆ. ಅಡಿಕೆ ಕೊನೆ ಕೊಯ್ಯೋ ಟೈಮಿಗೂ ಉಪಯೋಗ

ತೀರ್ಥಹಳ್ಳಿ ಅತ್ತೆ: ದೊಡ್ಡಪ್ಪ ಹೇಳಿದ್ದು ನೂರಕ್ಕೆ ನೂರು. ಅಲ್ಲಿ ತನಕ ಒಂದು ಚಕ್ರ ದಿಬ್ಬದ ಮೇಲೆ ಒಂದು ಚಕ್ರ ಅಂಚಿನ ಮೇಲೆ ಇಟ್ಕೊಂಡು ಹೋಗು, ಗುಂಡೀಲಿ ಇಳೀಬೇಡ. ಟೈರಿಗೆ ನನ್ನ ಸಲಹೆ ಇದು, 16 ಇಂಚಿನ ರಿಮ್ ಹುಡ್ಕಿ 245/75 ಆರ್16 ಎಟಿ ಹಾಕ್ಸು. ಅದೂ ಥಾರ್‌ದೇ ಸೈಜು, ಕೆಳಗಿನ ಮಾಡೆಲ್‌ಗೆ ಕಂಪನಿನೇ ಕೊಡೋದು. ಟೈರಿನ ಗೋಡೆ 166 ಬದ್ಲು 184 ಮಿಮೀ ಆಗತ್ತೆ, ಕಲ್ಲಿಗೆ ಹೊಡೆದ್ರೆ ರಿಮ್ ಉಳಿಯತ್ತೆ, ಕೆಸರಲ್ಲಿ ಗಾಳಿ 18-20 ಪಿಎಸ್‌ಐಗೆ ಇಳಿಸಿದ್ರೆ ಟೈರ್ ಚೆನ್ನಾಗಿ ಹರಡ್ಕೊಂಡು ಹಿಡಿಯತ್ತೆ. ಈ ಗಾಳಿ ಇಳಿಸೋದೊಂದು ಕಲಿತ್ರೆ ಅರ್ಧ ಕೆಸರು ದಾಟಿದ ಹಾಗೆ, ಆದ್ರೆ ಟಾರಿಗೆ ಬರೋ ಮೊದ್ಲು ವಾಪಸ್ ತುಂಬಿಸ್ಲೇಬೇಕು, ಅದಕ್ಕೆ ಒಂದು ಸಣ್ಣ ಕಂಪ್ರೆಸರ್ ಇಟ್ಕೋ

ಸಾಗರದ ಅಣ್ಣ: 16 ರಿಮ್ ವಿಷ್ಯ ಒಪ್ಪಿದೆ ಅತ್ತೆ. 18 ಇಂಚು ನೋಡೋಕೆ ಚೆಂದ ಅಷ್ಟೇ. ಆದ್ರೆ ಟೈರ್ ಎಷ್ಟು ಭಾರ ಹೊರತ್ತೆ ಅನ್ನೋ ಲೋಡ್ ನಂಬರ್ ಈಗಿರೋದಕ್ಕಿಂತ ಕಮ್ಮಿ ಇರ್ಬಾರ್ದು, ಹಿಂದೆ ಡ್ರಮ್ಮು ಸುಣ್ಣ ಮೈಲುತುತ್ತ ಎಲ್ಲಾ ತುಂಬ್ತಾರೆ. ಐದೂ ಒಂದೇ ಸೈಜ್ ಇರ್ಬೇಕು, ಸ್ಟೆಪ್ನಿ ಹಳೇದೇ ಇಟ್ಕೊಂಡು ಅದ್ರಲ್ಲಿ 4ಎಚ್ (ನಾಲ್ಕೂ ಚಕ್ರಕ್ಕೆ ಎಳೆತ) ಹಾಕಿದ್ರೆ ಟ್ರಾನ್ಸ್‌ಫರ್ ಕೇಸಿಗೆ, ಅಂದ್ರೆ ಎಳೆತನ ಮುಂದೆ ಹಿಂದೆ ಹಂಚೋ ಗೇರ್ ಡಬ್ಬಕ್ಕೆ, ಏಟು

ತೀರ್ಥಹಳ್ಳಿ ಅತ್ತೆ: ಇದು ಮಾತು. ಟೈರ್ ತಗೊಳ್ಳುವಾಗ ಪಕ್ಕದಲ್ಲಿ ಇರೋ ನಾಲ್ಕು ಅಂಕೆನೂ ನೋಡು ಪುಟ್ಟಿ, ಮೊದ್ಲೆರಡು ವಾರ, ಕಡೆಯೆರಡು ವರ್ಷ. ಗೋಡೌನಲ್ಲಿ ಬಿದ್ದಿದ್ದ ಹಳೇ ಟೈರ್ ಕೊಟ್ರೆ ಬೇಡ ಅನ್ನು

ಪುಟ್ಟಿ: ಆಯ್ತು. ಲಿಫ್ಟ್ ಬೇಡ, 16 ರಿಮ್, ಎಟಿ ಟೈರ್ ಐದು, ಕಂಪ್ರೆಸರ್. ಉಳಿದ ದುಡ್ಡಲ್ಲಿ ಎಳೆಯೋ ಬೆಲ್ಟು ಮತ್ತೆ ಅದನ್ನ ಗಾಡಿಗೆ ಸಿಕ್ಸೋ ಎರಡು ಶ್ಯಾಕಲ್ (ಕಬ್ಬಿಣದ ಕೊಂಡಿ) ತಗೊಳ್ಳಾ?

ಸಾಗರದ ಅಣ್ಣ: ತಗೋ, ಹಗ್ಗ ಮಾತ್ರ ಬೇಡ್ವೇ ಬೇಡ, ತುಂಡಾದ್ರೆ ಜನಕ್ಕೆ ಬಡಿಯತ್ತೆ. ಶಿವಮೊಗ್ಗದಲ್ಲಿ ರಿಮ್ ನಾನು ವಿಚಾರಿಸ್ತೀನಿ, ನೀನು ಶನಿವಾರ ಗಾಡಿ ತಗೊಂಡ್ ಬಾ, ಅಲೈನ್‌ಮೆಂಟೂ ಅಲ್ಲೇ ಮಾಡ್ಸೋಣ

ತೀರ್ಥಹಳ್ಳಿ ಅತ್ತೆ: ಭಾನುವಾರ ನಮ್ಮನೆಗೆ ಬಾ, 4ಎಲ್ (ನಾಲ್ಕೂ ಚಕ್ರಕ್ಕೆ ನಿಧಾನದ ಗೇರು) ಹಾಕಿ ಬ್ರೇಕ್ ಮುಟ್ಟದೆ ಇಳಿಜಾರು ಇಳಿಯೋದು ಕಲಿಸ್ತೀನಿ. ಒಣ ಟಾರಲ್ಲಿ 4ಎಚ್ ಹಾಕ್ಕೊಂಡ್ ಬರ್ಬೇಡ ಮತ್ತೆ

ದೊಡ್ಡಪ್ಪ: ಜೆಸಿಬಿಯವನಿಗೆ ಫೋನ್ ಮಾಡಿದೆ. ಮುಂದಿನ ವಾರ ಬರ್ತಾನಂತೆ