ಕೀಬೋರ್ಡ್ ನುಡಿಸಿದರೂ ಕಂಪ್ಯೂಟರಿನಲ್ಲಿ ಸದ್ದಿಲ್ಲ: ಮಿಡಿ ರೆಕಾರ್ಡಿಂಗ್ ಶುರುಮಾಡಲು ಸಹಾಯ ಬೇಕು

ಗಂಗಾವಳಿ ತೀರ | ಶನಿವಾರ ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕನ್ನಡದ ಒಂದು ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಪ್ರತಿಭಾ ಕಾರಂಜಿಗೆ ಮಕ್ಕಳಿಗೆ ಹಾಡು ಕಲಿಸುತ್ತಿದ್ದೇನೆ. ಶಾಲೆಯಲ್ಲಿ ಸರಿಯಾಗಿ ಹಾಡುವ ಮಕ್ಕಳು ಮನೆಗೆ ಹೋಗಿ ಮರುದಿನ ಬರುವಷ್ಟರಲ್ಲಿ ಶ್ರುತಿ ಬಿಟ್ಟಿರುತ್ತಾರೆ. ಅದಕ್ಕೇ ಹಾಡಿನ ಮಟ್ಟು, ಆಧಾರ ಸ್ವರ, ತಾಳ ಇಷ್ಟೇ ಇರುವ ಅಭ್ಯಾಸದ ಟ್ರ್ಯಾಕ್ ಮಾಡಿ ಪೋಷಕರ ಫೋನಿಗೆ ಕಳಿಸೋಣ ಅಂದುಕೊಂಡೆ.

ನನ್ನ ಹತ್ತಿರ ಇರುವುದು 61 ಮನೆಯ ಹಳೇ ಕೀಬೋರ್ಡ್. ಹಿಂದುಗಡೆ ಮಿಡಿ ಇನ್, ಮಿಡಿ ಔಟ್ ಎಂದು ಬರೆದ ಎರಡು ದುಂಡನೆಯ ತೂತುಗಳಿವೆ, ಯುಎಸ್‌ಬಿ ಇಲ್ಲ. ಲ್ಯಾಪ್‌ಟಾಪ್ ವಿಂಡೋಸ್ 10, 4 ಜಿಬಿ ರ‍್ಯಾಮ್. ಆನ್‌ಲೈನಿನಲ್ಲಿ ಯುಎಸ್‌ಬಿ ಮಿಡಿ ಕೇಬಲ್ ತರಿಸಿದೆ. ಅದರ ಒಂದು ತುದಿಯಲ್ಲಿ ಇನ್, ಇನ್ನೊಂದರಲ್ಲಿ ಔಟ್ ಎಂದಿದೆ, ನಾನು ಇನ್ ಅನ್ನು ಇನ್‌ಗೆ, ಔಟ್ ಅನ್ನು ಔಟ್‌ಗೆ ಹಾಕಿದ್ದೇನೆ. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಂಡು, ಹೊಸ ಟ್ರ್ಯಾಕ್ ತೆಗೆದು, ಕೆಂಪು ಗುಂಡಿ ಒತ್ತಿ ನುಡಿಸಿದೆ. ಕೀಬೋರ್ಡಿನ ಸ್ಪೀಕರಿನಲ್ಲಿ ಸದ್ದು ಬರುತ್ತದೆ, ರೀಪರಿನಲ್ಲಿ ಏನೂ ಇಲ್ಲ. ಮೂರು ಸಂಜೆ ಇದರಲ್ಲೇ ಹೋಯಿತು. ಎಲ್ಲಿ ತಪ್ಪುತ್ತಿದ್ದೇನೆ?

ಕಪ್ಪು ಎರಡು | ಶನಿವಾರ ರಾತ್ರಿ 9:35

ಟೀಚರ್, ನಮಸ್ಕಾರ. ನಿಮ್ಮ ಸಾಮಾನು ಈ ಕೆಲಸಕ್ಕೆ ಸಾಕು, ಹೊಸದೇನೂ ಕೊಳ್ಳಬೇಡಿ.

ಮೊದಲು ಒಂದು ವಿಷಯ. ಇದು ಗೊತ್ತಾದರೆ ಅರ್ಧ ತೊಂದರೆ ಅಲ್ಲೇ ಬಗೆಹರಿಯುತ್ತದೆ. ಮಿಡಿ ಕೇಬಲಿನಲ್ಲಿ ಸದ್ದು ಹೋಗುವುದಿಲ್ಲ. ಮೈಕಿನ ವೈರಿನಲ್ಲಿ ಹೋಗುವಂಥದ್ದು ಇಲ್ಲಿ ಏನೂ ಇಲ್ಲ. ಹೋಗುವುದು ಸುದ್ದಿ ಮಾತ್ರ: '60ನೇ ಸ್ವರ ಒತ್ತಿದರು, ಒತ್ತಿನ ಬಲ 90', ಆಮೇಲೆ '60ನೇ ಸ್ವರ ಬಿಟ್ಟರು'. ಸ್ವರಕ್ಕೂ ಬಲಕ್ಕೂ 0ಯಿಂದ 127ರವರೆಗಿನ ಅಂಕಿ, ನಡುವಿನ ಸಿ ಸ್ವರಕ್ಕೆ 60. ಬೇರೆ ಬೇರೆ ಕಂಪನಿಯ ವಾದ್ಯಗಳು ಒಂದರ ಮಾತು ಒಂದಕ್ಕೆ ತಿಳಿಯಲಿ ಎಂದು 1983ರಲ್ಲಿ ಈ ಪದ್ಧತಿ ಬಂತು, ನಿಮ್ಮ ದುಂಡನೆಯ ತೂತು ಆಗಿನದೇ. ಸ್ವರ ಹಾಕಿ ಬರೆದ ಪುಸ್ತಕ ತಾನಾಗಿ ಹಾಡುವುದಿಲ್ಲವಲ್ಲ, ಹಾಗೆಯೇ ರೀಪರಿಗೆ ಈ ಸುದ್ದಿ ಮುಟ್ಟಿದರೂ ಅದನ್ನು ನುಡಿಸುವ ವಾದ್ಯವೊಂದು ಕಂಪ್ಯೂಟರಿನೊಳಗೆ ಬೇಕು. ಅದು ಎರಡನೇ ಹಂತ. ಈಗ ಸುದ್ದಿ ಮುಟ್ಟುತ್ತಿದೆಯೇ ನೋಡೋಣ.

ಕೇಬಲಿನ ತುದಿಗಳನ್ನು ಅದಲುಬದಲು ಮಾಡಿ. ಕೀಬೋರ್ಡಿನಿಂದ ಸುದ್ದಿ ಹೊರಗೆ ಬರುವುದು ಅದರ ಔಟ್‌ನಿಂದ. ಕೇಬಲಿನ ಮೇಲಿನ ಇನ್ ಎಂದರೆ ಹೆಚ್ಚಾಗಿ 'ಕಂಪ್ಯೂಟರಿನ ಒಳಕ್ಕೆ' ಎಂದರ್ಥ, ಆದ್ದರಿಂದ ಇನ್ ತುದಿ ಕೀಬೋರ್ಡಿನ ಔಟ್‌ಗೆ ಹೋಗಬೇಕು. ಕೆಲವು ಕೇಬಲ್‌ಗಳಲ್ಲಿ ಉಲ್ಟಾ ಬರೆದಿರುತ್ತಾರೆ. ತಿರುಗಿಸಿ ಹಾಕಿದರೆ ಏನೂ ಸುಡುವುದಿಲ್ಲ, ಧೈರ್ಯವಾಗಿ ನೋಡಿ. ನಡುವಿನ ಡಬ್ಬಿಯಲ್ಲಿ ಪುಟ್ಟ ದೀಪವಿದ್ದರೆ ಪ್ರತಿ ಸ್ವರಕ್ಕೂ ಮಿನುಗಬೇಕು.

ಆಮೇಲೆ ರೀಪರಿನಲ್ಲಿ ಆಪ್ಷನ್ಸ್, ಪ್ರಿಫರೆನ್ಸಸ್, ಅಲ್ಲಿ ಮಿಡಿಯ ಪುಟ. ನಿಮ್ಮ ಕೇಬಲಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಪುಟ್ ಎನೇಬಲ್ ಮಾಡಿ. ಹೊಸ ಟ್ರ್ಯಾಕ್ ಮೊದಲಿಗೆ ಮೈಕಿನ ದಾರಿ ಕಾಯುತ್ತಾ ಕೂತಿರುತ್ತದೆ, ಅದರ ಇನ್‌ಪುಟ್ ಜಾಗದಲ್ಲಿ ಮಿಡಿ, ಎಲ್ಲಾ ಸಾಧನ, ಎಲ್ಲಾ ಚಾನೆಲ್ ಎಂದು ಆರಿಸಿ. ಮಾನಿಟರಿಂಗ್ ಆನ್ ಇರಲಿ. ನುಡಿಸಿದಾಗ ಟ್ರ್ಯಾಕಿನ ಮೀಟರ್ ಅಲ್ಲಾಡಬೇಕು.

ಅಲ್ಲಾಡದಿದ್ದರೆ ವ್ಯೂ ಮೆನುವಿನಲ್ಲಿ ವರ್ಚುವಲ್ ಮಿಡಿ ಕೀಬೋರ್ಡ್ ಇದೆ, ಇನ್‌ಪುಟ್ ಆಗಿ ಅದನ್ನು ಆರಿಸಿ ಮೌಸಿನಲ್ಲಿ ಒತ್ತಿ ನೋಡಿ. ಅದಕ್ಕೆ ಮೀಟರ್ ಆಡಿ, ನಿಮ್ಮ ಕೀಬೋರ್ಡಿಗೆ ಆಡದಿದ್ದರೆ ದೋಷ ಕೇಬಲಿನಲ್ಲೋ ಸೆಟ್ಟಿಂಗಿನಲ್ಲೋ ಇದೆ. ಎರಡಕ್ಕೂ ಆಡದಿದ್ದರೆ ಟ್ರ್ಯಾಕಿನಲ್ಲಿದೆ.

ಗಂಗಾವಳಿ ತೀರ | ಶನಿವಾರ ರಾತ್ರಿ 10:20

ಸರ್, ತಿರುಗಿಸಿ ಹಾಕಿದ ಕೂಡಲೇ ದೀಪ ಮಿನುಗಿತು! ಮೀಟರ್ ಕೂಡ ಆಡುತ್ತಿದೆ. ರೆಕಾರ್ಡ್ ಒತ್ತಿ ನುಡಿಸಿದರೆ ಸಣ್ಣ ಸಣ್ಣ ಗೆರೆಗಳು ಮೂಡಿದವು. ಸದ್ದು ಮಾತ್ರ ಇನ್ನೂ ಇಲ್ಲ. ನೀವು ಹೇಳಿದ 'ಎರಡನೇ ಹಂತ' ಇದೇ ಇರಬೇಕು.

ಧಾರವಾಡ ತಬಲಾ | ಶನಿವಾರ ರಾತ್ರಿ 10:45

ಟೀಚರ್, ನಮಸ್ಕಾರ್ರೀ. ವಿಂಡೋಸ್‌ದಾಗ ಮೊದ್ಲಿಂದನ ಒಂದು ವಾದ್ಯ ಐತಿ, ಮೈಕ್ರೋಸಾಫ್ಟ್ ಜಿಎಸ್ ವೇವ್‌ಟೇಬಲ್ ಸಿಂತ್ ಅಂತ. ಪ್ರಿಫರೆನ್ಸಸ್‌ನ್ಯಾಗ ಮಿಡಿ ಔಟ್‌ಪುಟ್ ಒಳಗ ಅದನ್ನ ಚಾಲೂ ಮಾಡ್ರಿ. ಆಮ್ಯಾಲೆ ಟ್ರ್ಯಾಕಿನ ರೂಟ್ ಗುಂಡಿ ಒತ್ತಿ, ಮಿಡಿ ಹಾರ್ಡ್‌ವೇರ್ ಔಟ್‌ಪುಟ್ ಅಂತ ಇರ್ತೈತಲ್ಲ, ಅಲ್ಲಿ ಅದನ್ನ ಆರಿಸ್ರಿ. ಸದ್ದು ಬರ್ತೈತಿ.

ಇನ್ನೊಂದು ಮಾತು. ಬ್ರೌಸರಿನ್ಯಾಗ ಪಿಯಾನೋ ಕಲಿಸೋ ಪುಟ ಏನರ ತೆರ್ದಿದ್ರ ಮುಚ್ಚಿಬಿಡ್ರಿ. ವಿಂಡೋಸ್ 10ದಾಗ ಒಂದು ಮಿಡಿ ಕೇಬಲ್ಲನ್ನ ಸಾಮಾನ್ಯವಾಗಿ ಒಂದ ಪ್ರೋಗ್ರಾಮ್ ಹಿಡಕೋತೈತಿ. ಅದು ಬಿಡೋ ತನಕ ರೀಪರಿಗೆ ಸಿಗೂದಿಲ್ಲ. ನಾ ಇದನ್ನ ಹುಡುಕ್ಲಿಕ್ಕೆ ಒಂದು ದಿನಾ ಕಳ್ದೀನಿ.

ಗಂಗಾವಳಿ ತೀರ | ಭಾನುವಾರ ಬೆಳಿಗ್ಗೆ 7:15

ಧಾರವಾಡದ ಸರ್, ನೀವು ಹೇಳಿದ ಹಾಗೆ ಮಾಡಿದೆ, ಸದ್ದು ಬಂತು. ಆದರೆ ಒತ್ತಿದ ಮೇಲೆ ಎಷ್ಟೋ ಹೊತ್ತಿಗೆ ಬರುತ್ತದೆ. ಗುಡ್ಡದ ಎದುರು ನಿಂತು ಕೂಗಿದರೆ ಆಚೆಯಿಂದ ಮಾರ್ದನಿ ಬಂದ ಹಾಗೆ. ತಾಳಕ್ಕೆ ಸರಿಯಾಗಿ ನುಡಿಸಲು ಆಗುವುದೇ ಇಲ್ಲ. ಲ್ಯಾಪ್‌ಟಾಪ್ ಹಳೆಯದಾಗಿದ್ದಕ್ಕೆ ಹೀಗಾ?

ಕಪ್ಪು ಎರಡು | ಭಾನುವಾರ ಬೆಳಿಗ್ಗೆ 9:05

ಲ್ಯಾಪ್‌ಟಾಪಿನ ತಪ್ಪಲ್ಲ. ಆ ಸಿಂತ್ ಇರುವುದು ಮಿಡಿ ಫೈಲುಗಳನ್ನು ಕೇಳಿಸಲಿಕ್ಕೆ. ಬೆರಳಿನ ಜೊತೆಜೊತೆಗೆ ನುಡಿಯಬೇಕು ಎಂದು ಅದನ್ನು ಮಾಡಿದ್ದಲ್ಲ. ಸುದ್ದಿ ಮುಟ್ಟುತ್ತಿದೆ ಎಂದು ಖಾತ್ರಿ ಮಾಡಿಕೊಳ್ಳಲು ಅದು ಒಳ್ಳೆಯದೇ, ಆದರೆ ಅದರಲ್ಲೇ ಮುಂದುವರಿಯಬೇಡಿ. ಇನ್ನೊಂದು ಕಾರಣವೂ ಇದೆ: ಅದರ ಸದ್ದು ರೀಪರಿನ ಒಳಗೆ ಬರದೆ ನೇರ ಸ್ಪೀಕರಿಗೆ ಹೋಗುತ್ತದೆ. ಕೊನೆಗೆ ಎಂಪಿ3 ಮಾಡಲು ಹೋದರೆ ಖಾಲಿ ಫೈಲ್ ಸಿಗುತ್ತದೆ.

ಒಂದು ಪ್ರಶ್ನೆ. ನೀವು ಸದ್ದು ಕೇಳುತ್ತಿರುವುದು ಯಾವುದರಲ್ಲಿ?

ಗಂಗಾವಳಿ ತೀರ | ಭಾನುವಾರ ಬೆಳಿಗ್ಗೆ 9:20

ಲ್ಯಾಪ್‌ಟಾಪಿನ ಸ್ಪೀಕರ್ ಒಡಕಲು. ಹಾಗಾಗಿ ಬ್ಲೂಟೂತ್ ಸ್ಪೀಕರಿನಲ್ಲಿ ಕೇಳುತ್ತಿದ್ದೇನೆ.

ಕಪ್ಪು ಎರಡು | ಭಾನುವಾರ ಬೆಳಿಗ್ಗೆ 10:10

ಅಲ್ಲಿಗೆ ಇನ್ನರ್ಧ ಕಾರಣ ಸಿಕ್ಕಿತು. ಬ್ಲೂಟೂತಿನಲ್ಲಿ ಸದ್ದನ್ನು ಒತ್ತಿ ಕಟ್ಟಿ, ಗಾಳಿಯಲ್ಲಿ ಕಳಿಸಿ, ಆಚೆ ಬಿಚ್ಚಬೇಕು. ಸಾಮಾನ್ಯವಾಗಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಹಾಡು ಕೇಳುವಾಗ ಅದು ಗೊತ್ತೇ ಆಗುವುದಿಲ್ಲ, ನುಡಿಸುವವರಿಗೆ ಮಾತ್ರ ಅದನ್ನಿಟ್ಟುಕೊಂಡು ನುಡಿಸಲು ಸಾಧ್ಯವಿಲ್ಲ. ವೈರ್ ಇರುವ ಇಯರ್‌ಫೋನ್ ಹಾಕಿ, ಫೋನಿನದ್ದೇ ಸಾಕು.

ಈಗ ವಾದ್ಯ. ಟ್ರ್ಯಾಕಿನ ಮೇಲೆ ಎಫ್‌ಎಕ್ಸ್ ಗುಂಡಿ ಒತ್ತಿ ಮೊದಲು ರೀಸಿಂತ್ ಹಾಕಿ ನೋಡಿ. ಅದು ರೀಪರಿನ ಜೊತೆಯಲ್ಲೇ ಬಂದಿರುತ್ತದೆ, ನಾದ ಒರಟು, ಪರೀಕ್ಷೆಗೆ ಸಾಕು. ಸದ್ದು ಬಂದರೆ ಅದನ್ನು ತೆಗೆದು ಸ್ಫೋರ್ಝಾಂಡೋ ಎನ್ನುವ ಉಚಿತ ಪ್ಲಗಿನ್ (ರೀಪರಿನೊಳಗೆ ಸೇರಿಸಿಕೊಳ್ಳುವ ವಾದ್ಯ) ಹಾಕಿ, ಅದರ ಮೇಲೆ ಫ್ಲೂಯಿಡ್ ಆರ್3 ಜಿಎಂ ಎಂಬ ಸೌಂಡ್‌ಫಾಂಟ್, ಅಂದರೆ ವಾದ್ಯಗಳ ನಾದ ತುಂಬಿಟ್ಟ ಫೈಲ್, ಎಳೆದು ಬಿಡಿ. ಅದೂ ಉಚಿತ. ಪಿಯಾನೋ, ಕೊಳಲು, ಪಿಟೀಲು, ಡ್ರಮ್ ಎಲ್ಲಾ ಅದರಲ್ಲಿವೆ. ಒಂದೊಂದು ಟ್ರ್ಯಾಕಿಗೂ ಒಂದೊಂದು ಸ್ಫೋರ್ಝಾಂಡೋ ಹಾಕಿಕೊಳ್ಳಿ. ಹಾರ್ಮೋನಿಯಂ ಬೇಕಾದರೆ ರೀಡ್ ಆರ್ಗನ್ ಹತ್ತಿರ ಬರುತ್ತದೆ, ಮಕ್ಕಳ ಕಿವಿಗೆ ಸ್ವರ ಸ್ಪಷ್ಟವಾಗಿ ಕೂರುವುದೂ ಅದರಲ್ಲೇ ಎಂದು ನನ್ನ ಅನುಭವ. ಹಳೇ ಸಿಂತಿಗೆ ಕೊಟ್ಟ ದಾರಿಯನ್ನು ರೂಟ್‌ನಲ್ಲಿ ತೆಗೆದುಬಿಡಿ, ಇಲ್ಲದಿದ್ದರೆ ಎರಡೂ ನುಡಿಯುತ್ತವೆ.

ಉಳಿದದ್ದು ಬಫರ್. ಊಟದ ಪಂಕ್ತಿಯಲ್ಲಿ ಬಡಿಸುವುದನ್ನು ನೆನೆಸಿಕೊಳ್ಳಿ. ಕಂಪ್ಯೂಟರ್ ಸದ್ದನ್ನು ಸೌಟಿನಲ್ಲಿ ತುಂಬಿಕೊಂಡು ಬಡಿಸುತ್ತದೆ. ಸೌಟು ದೊಡ್ಡದಾದರೆ ಅದು ತುಂಬುವವರೆಗೆ ನೀವು ಕಾಯಬೇಕು. ತೀರಾ ಚಿಕ್ಕದಾದರೆ ಬಡಿಸುವವನಿಗೆ ಓಡಾಡಿ ಪೂರೈಸುವುದಿಲ್ಲ, ನಡುವೆ ಎಲೆ ಬರಿದಾಗುತ್ತದೆ. ಆಗ ಕೇಳುವುದು ಪಟಪಟ ಸಿಡಿಯುವ ಸದ್ದು. ಆ ಸೌಟಿನ ಅಳತೆಯೇ ಬಫರ್. ಕಂಪ್ಯೂಟರ್ ಸದ್ದನ್ನು ಸ್ಯಾಂಪಲ್ ಎಂಬ ಪುಟ್ಟ ಪುಟ್ಟ ತುಣುಕುಗಳಾಗಿ ಎಣಿಸುತ್ತದೆ; ಸೆಕೆಂಡಿಗೆ 44,100 ಸ್ಯಾಂಪಲ್ ಇರುವಾಗ 1024ರ ಬಫರ್ ಎಂದರೆ ಸುಮಾರು 23 ಮಿಲಿಸೆಕೆಂಡ್, 512 ಎಂದರೆ ಸುಮಾರು 12, 256 ಎಂದರೆ ಸುಮಾರು 6. ಕಂಪ್ಯೂಟರಿನ ಸದ್ದಿನ ಭಾಗವನ್ನು ನಡೆಸುವ ಡ್ರೈವರ್ ಎಂಬ ಸಾಫ್ಟ್‌ವೇರಿನಲ್ಲಿ ಇದರ ಮೇಲೆ ಇನ್ನಷ್ಟು ಸೇರುತ್ತದೆ. ಏಸಿಯೋ4ಆಲ್ ಎಂಬ ಉಚಿತ ಡ್ರೈವರ್ ಹಾಕಿ, ರೀಪರಿನ ಆಡಿಯೋ ಡಿವೈಸ್ ಪುಟದಲ್ಲಿ ಏಸಿಯೋ ಆರಿಸಿ, 512ರಿಂದ ಶುರುಮಾಡಿ 256ಕ್ಕೆ ಇಳಿಸಿ ನೋಡಿ. ಸಿಡಿದರೆ ಒಂದು ಮೆಟ್ಟಿಲು ಮೇಲಕ್ಕೆ ಬನ್ನಿ. ರೀಪರ್ ತೆರೆದಿರುವಾಗ ಬ್ರೌಸರಿನ ಸದ್ದು ನಿಂತರೆ ಗಾಬರಿಯಾಗಬೇಡಿ, ಆ ಡ್ರೈವರ್ ಸದ್ದಿನ ದಾರಿಯನ್ನು ತಾನೊಬ್ಬನೇ ಹಿಡಿದುಕೊಳ್ಳುತ್ತದೆ.

ಗಂಗಾವಳಿ ತೀರ | ಮಂಗಳವಾರ ರಾತ್ರಿ 9:00

ಸರ್, 256ರಲ್ಲಿ ಸಿಡಿಯುತ್ತಿತ್ತು, 384ಕ್ಕೆ ಇಟ್ಟೆ. ಈಗ ಬೆರಳು ಬಿದ್ದಲ್ಲೇ ಸ್ವರ! ಎರಡು ಸದ್ದು ಒಟ್ಟಿಗೆ ಬರುತ್ತಿತ್ತು, ಕೀಬೋರ್ಡಿನ ವಾಲ್ಯೂಮ್ ಪೂರ್ತಿ ಇಳಿಸಿದ ಮೇಲೆ ಸರಿಹೋಯಿತು. ಮಟ್ಟು ಒಂದು ಟ್ರ್ಯಾಕ್, ಆಧಾರ ಸ್ವರ ಒಂದು, ಡ್ರಮ್ಮಿನಲ್ಲಿ ತಾಳ ಒಂದು, ಹೀಗೆ ಮೂರು ಮಾಡಿದೆ.

ಹೊಸ ತೊಂದರೆ: ನಾನು ನುಡಿಸಿದ್ದು ಬಿಳಿ ಒಂದರ ಶ್ರುತಿಯಲ್ಲಿ, ಅಂದರೆ ಸಿ ಸ್ವರವನ್ನು ಷಡ್ಜ ಮಾಡಿಕೊಂಡು. ಹುಡುಗಿಯರಿಗೆ ಅದು ತಗ್ಗಾಯಿತು, ಬಿಳಿ ಎರಡು ಬೇಕು. ಎಲ್ಲಾ ಸ್ವರ ಆರಿಸಿ ಎರಡು ಮನೆ ಮೇಲಕ್ಕೆ ಎಳೆದೆ. ಮಟ್ಟು ಸರಿಯಾಗಿ ಬಂತು, ತಾಳ ಪೂರಾ ಬದಲಾಯಿತು. 'ದುಮ್' ಅನ್ನುತ್ತಿದ್ದ ಕಡೆ 'ಟಕ್' ಅನ್ನುತ್ತಿದೆ.

ಕಪ್ಪು ಎರಡು | ಮಂಗಳವಾರ ರಾತ್ರಿ 9:40

ಟೀಚರ್, ಡ್ರಮ್ ಟ್ರ್ಯಾಕನ್ನು ಶ್ರುತಿಯ ಜೊತೆ ಎಳೆಯಬಾರದು. ಅಲ್ಲಿ ಒಂದೊಂದು ಮನೆಯೂ ಒಂದೊಂದು ವಾದ್ಯ. 1991ರಲ್ಲಿ ಬಂದ ಜನರಲ್ ಮಿಡಿ ಪದ್ಧತಿಯಲ್ಲಿ 36 ಎಂದರೆ ಬಾಸ್ ಡ್ರಮ್, 38 ಎಂದರೆ ಸ್ನೇರ್. ನೀವು ಎರಡು ಏರಿಸಿದಿರಿ, 36 ಹೋಗಿ 38 ಆಯಿತು, ದುಮ್ ಹೋಗಿ ಟಕ್ ಆಯಿತು. ಅದೊಂದನ್ನು ಎರಡು ಕೆಳಗೆ ಎಳೆದುಬಿಡಿ.

ಆದರೆ ನೀವು ಈಗ ಮಾಡಿದ್ದೇ ಮಿಡಿಯ ದೊಡ್ಡ ಅನುಕೂಲ. ಫೋನಿನಲ್ಲಿ ಹಾರ್ಮೋನಿಯಂ ರೆಕಾರ್ಡ್ ಮಾಡಿದ್ದರೆ ಬಿಳಿ ಎರಡಕ್ಕೆ ಮತ್ತೆ ಕೂತು ನುಡಿಸಬೇಕಿತ್ತು. ನಾನು ಯಕ್ಷಗಾನದ ಪದ ಕಲಿಯುವ ಮಕ್ಕಳಿಗೆ ಒಂದೇ ಟ್ರ್ಯಾಕಿನಿಂದ ಕಪ್ಪು ಎರಡು, ಬಿಳಿ ನಾಲ್ಕು, ಬಿಳಿ ಐದು ತೆಗೆದುಕೊಡುತ್ತೇನೆ. ಟೆಂಪೋ ಇಳಿಸಿದರೆ ಶ್ರುತಿ ಕದಲದೆ ಕಾಲ ಮಾತ್ರ ನಿಧಾನವಾಗುತ್ತದೆ, ಹೊಸ ಹಾಡಿಗೆ ಮೊದಲ ವಾರ ನಿಧಾನದ್ದೊಂದು ಮಾಡಿಕೊಡಿ. ತಾಳಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೋನೋಮ್ 4/4ರಲ್ಲಿ ಇರುತ್ತದೆ, ಆದಿತಾಳಕ್ಕೆ ತೊಂದರೆಯಿಲ್ಲ. ಹಾಡು ರೂಪಕದ್ದಾದರೆ 3/4, ಮಿಶ್ರ ಛಾಪಿನದ್ದಾದರೆ 7/8 ಮಾಡಿಕೊಂಡು ಆಮೇಲೆ ನುಡಿಸಲು ಕೂತುಕೊಳ್ಳಿ.

ಪೋಷಕರಿಗೆ ಮಿಡಿ ಫೈಲ್ ಕಳಿಸಬೇಡಿ, ಅದರಲ್ಲಿ ಸದ್ದೇ ಇಲ್ಲವಲ್ಲ. ಫೈಲ್ ಮೆನುವಿನಲ್ಲಿ ರೆಂಡರ್, ಎಂಪಿ3. ರೀಪರನ್ನು 60 ದಿನ ಪರೀಕ್ಷಿಸಿ ನೋಡಲು ಕೊಡುತ್ತಾರೆ, ಮುಂದೆಯೂ ಬಳಸುವುದಾದರೆ ಪರವಾನಗಿ ಕೊಳ್ಳಿ. ಮಾಡಿದವರ ಶ್ರಮಕ್ಕೆ ನಾವು ಕೊಡಬೇಕಾದದ್ದು ಅದು.

ಗಂಗಾವಳಿ ತೀರ | ಶುಕ್ರವಾರ ಸಂಜೆ 6:30

ಹದಿನಾಲ್ಕು ಮನೆಗೆ ಟ್ರ್ಯಾಕ್ ಕಳಿಸಿದೆ ಸರ್. ಇವತ್ತು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹಾಡಿಸಿದರೆ ಹದಿನಾಲ್ಕೂ ಮಕ್ಕಳು ಒಂದೇ ಷಡ್ಜಕ್ಕೆ ಬಂದು ನಿಂತರು. ನನಗೆ ಕಣ್ಣು ತುಂಬಿತು. ಇಬ್ಬರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಸಂಗೀತ ಪಾಠಕ್ಕೆ ಹೋಗುವ ಹುಡುಗಿಯೊಬ್ಬಳು ಮಾತ್ರ, 'ಟೀಚರ್, ಇದರಲ್ಲಿ ಗಾಂಧಾರ ಅಲ್ಲಾಡುವುದೇ ಇಲ್ಲ' ಅಂದಳು. ಅವಳು ಹೇಳಿದ್ದು ಸರಿ. ಕೀಬೋರ್ಡಿನ ಎಡಗಡೆ ಒಂದು ಚಕ್ರ ಇದೆ, ಅದರಿಂದ ಏನಾದರೂ ಮಾಡಬಹುದಾ?

ಕಪ್ಪು ಎರಡು | ಶುಕ್ರವಾರ ರಾತ್ರಿ 8:15

ಆ ಹುಡುಗಿಯ ಕಿವಿ ಚೆನ್ನಾಗಿದೆ, ಅವಳನ್ನು ಬಿಡಬೇಡಿ.

ಆ ಚಕ್ರವೇ ಪಿಚ್ ಬೆಂಡ್. ಸ್ವರಕ್ಕೂ ಬಲಕ್ಕೂ 128 ಮೆಟ್ಟಿಲು ಮಾತ್ರ, ಬೆಂಡಿಗೆ 16,384 ಇವೆ. ಹಾಗಾಗಿ ಜಾರು ನುಣ್ಣಗೆ ಬರುತ್ತದೆ. ಸಾಮಾನ್ಯವಾಗಿ ಮೇಲೆ ಎರಡು ಮನೆ, ಕೆಳಗೆ ಎರಡು ಮನೆ ಬಾಗುತ್ತದೆ. ಗಾಂಧಾರವನ್ನು ಮಧ್ಯಮದ ಕಡೆಗೆ ತೂಗಲು ಅಷ್ಟು ಸಾಕು. ವೀಣೆಯಲ್ಲಿ ತಂತಿ ಎಳೆದಂತೆ ಬರುವುದಿಲ್ಲ, ಆದರೆ ಹಾಡುವ ಮಗುವಿಗೆ ಸ್ವರ ಎಲ್ಲಿ ಆಡಬೇಕು ಎಂಬ ಗುರುತು ಸಿಗುತ್ತದೆ.

ಒಂದೇ ಸಲಕ್ಕೆ ಎರಡೂ ಕೈ ಒಗ್ಗುವುದು ಕಷ್ಟ. ಮೊದಲು ಸ್ವರಗಳನ್ನು ನುಡಿಸಿ, ತಾಳಕ್ಕೆ ಕೂರಿಸಬೇಕಿದ್ದರೆ ಆಗಲೇ ಕ್ವಾಂಟೈಸ್ (ಸ್ವರಗಳನ್ನು ತಾಳದ ಗೆರೆಗೆ ಸರಿಸುವುದು) ಮಾಡಿ ಮುಗಿಸಿ. ಆಮೇಲೆ ಟ್ರ್ಯಾಕಿನ ರೆಕಾರ್ಡ್ ವಿಧಾನವನ್ನು ಮೊದಲಿನದನ್ನು ಅಳಿಸದೆ ಅದರ ಮೇಲೆಯೇ ಸೇರಿಸುವ ಮಿಡಿ ಓವರ್‌ಡಬ್‌ಗೆ ತಿರುಗಿಸಿ, ಹಾಡು ಕೇಳುತ್ತಾ ಚಕ್ರವನ್ನು ಮಾತ್ರ ಆಡಿಸಿ. ಕ್ವಾಂಟೈಸ್ ಆಮೇಲೆ ಮಾಡಿದರೆ ಸ್ವರ ಸರಿದು ಬೆಂಡ್ ಅಲ್ಲೇ ಉಳಿಯುತ್ತದೆ, ಗಮಕ ಬೇರೆ ಸ್ವರದ ಮೇಲೆ ಬೀಳುತ್ತದೆ. ಚಕ್ರ ಒಂದು ಚಾನೆಲಿನ ಎಲ್ಲಾ ಸ್ವರಗಳನ್ನೂ ಒಟ್ಟಿಗೆ ಬಾಗಿಸುತ್ತದೆ. ಆಧಾರ ಸ್ವರವನ್ನು ಬೇರೆ ಟ್ರ್ಯಾಕಿನಲ್ಲಿ ಇಟ್ಟಿದ್ದೀರಿ, ಅದು ಹಾಗೆಯೇ ಇರಲಿ; ಅದರ ಕೆಂಪು ಗುಂಡಿ ಆರಿದೆಯೇ ನೋಡಿಕೊಂಡು ಶುರುಮಾಡಿ.