ಪದಚರ್ಚೆ: ಲೊಗೇನ್ ಮಾಡಿದ್ದಕ್ಕೆ ಯಾವ ಪದ? (ತುರ್ತು)

ಎಲ್ಲರಿಗೂ ನಮಸ್ಕಾರ. ಇವತ್ತು ರಾತ್ರಿಯೊಳಗೆ ಒಂದು ಪದ ಬೇಕು. 2009ರ 'ಡ್ರ್ಯಾಗನ್ ಏಜ್: ಒರಿಜಿನ್ಸ್' ಆಟದ ಮೇಲಿನ ವಿಡಿಯೋಗೆ ಕನ್ನಡ ಅಡಿಬರಹ ಬರೆಯುತ್ತಿದ್ದೇನೆ. ಆಸ್ಟಗಾರ್ ಕಾಳಗದಲ್ಲಿ ಗೋಪುರದ ಮೇಲೆ ಬೆಂಕಿ ಹೊತ್ತಿದ ಕೂಡಲೇ ಸೇನಾಪತಿ ಲೊಗೇನ್ ಶತ್ರುಗಳ ಮೇಲೆ ನುಗ್ಗಬೇಕು. ಆದರೆ ಅವನು ಸೈನ್ಯವನ್ನು ಹಿಂದಕ್ಕೆ ಕರೆದುಕೊಂಡು ಹೊರಟುಬಿಡುತ್ತಾನೆ. ರಾಜ ಕೇಲನ್ ಮತ್ತು ರಾಕ್ಷಸರ ವಿರುದ್ಧ ಹೋರಾಡುವ ಗ್ರೇ ವಾರ್ಡನ್ ಪಡೆಯ ಬಹುತೇಕರು ಅಲ್ಲೇ ಸಾಯುತ್ತಾರೆ. 'ವಿಶ್ವಾಸಘಾತ' ಅಂತ ಹಾಕಿದ್ದೆ. ಪರದೆಯ ಮೇಲೆ ಓದೋಕೆ ಭಾರ. ಆಮೇಲೆ ಲೊಗೇನ್ ಇದೇ ಆರೋಪವನ್ನು ಬದುಕುಳಿದ ವಾರ್ಡನ್‌ಗಳ ಮೇಲೆ ಹೊರಿಸುತ್ತಾನೆ. ಎರಡೂ ಕಡೆ ಕೂರುವ ಪದ ಬೇಕು.

— ಮರು 1 —

'ಎರಡು ಬಗೆ'. ಅಚ್ಚಗನ್ನಡ. 'ಉಂಡ ಮನೆಗೆ ಎರಡು ಬಗೆಯೋದು' ಅಂತ ಹಳ್ಳಿಯಲ್ಲಿ ಇವತ್ತಿಗೂ ಹೇಳುತ್ತಾರೆ. ವಿಶ್ವಾಸ, ಘಾತ, ದ್ರೋಹ ಎಲ್ಲ ಸಂಸ್ಕೃತದವು. ನಮ್ಮದು ಇರುವಾಗ ಸಾಲ ಯಾಕೆ?

— ಮರು 2 —

ಈ ಆಟವನ್ನು ಪೂರ್ತಿ ಆಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. 'ಎರಡು ಬಗೆ' ಇಲ್ಲಿ ಕೂರಲ್ಲ. ಬಗೆ ಅಂದರೆ ಮನಸ್ಸು, ಎಣಿಕೆ. ಹೊರಗೊಂದು, ಒಳಗೊಂದು ಇಟ್ಟುಕೊಂಡವನು ಎರಡು ಬಗೆಯುತ್ತಾನೆ. ಲೊಗೇನ್‌ಗೆ ಇದ್ದದ್ದು ಒಂದೇ ಬಗೆ, ಪಕ್ಕದ ಸಾಮ್ರಾಜ್ಯ ಆರ್ಲೇಯ ಭಯ. ಆ ಸಾಮ್ರಾಜ್ಯ ಅವನ ಫೆರೆಲ್ಡನ್ ನಾಡನ್ನು ಹಿಡಿದುಕೊಂಡು ಆಳುತ್ತಿದ್ದಾಗ ಬೆಳೆದವನು ಅವನು. ಕೇಲನ್‌ನ ಅಪ್ಪ ಮಾರಿಕ್ ಜೊತೆ ನಿಂತು ಅವರನ್ನು ಓಡಿಸಿದವನು. ರಿವರ್ ಡೇನ್ ಕಾಳಗದ ವೀರ ಅಂತಲೇ ಅವನಿಗೆ ಹೆಸರು. ಈಗ ಅದೇ ಮಾರಿಕ್‌ನ ಮಗ, ಲೊಗೇನ್‌ಗೆ ಅಳಿಯ ಕೂಡ, ಆರ್ಲೇಯಿಂದ ಪಡೆ ಕರೆಸೋಣ ಅಂತಾನೆ. ಡಾರ್ಕ್‌ಸ್ಪಾನ್ ಎಂಬ ರಾಕ್ಷಸರ ದಂಡು ಎದುರಿಗೇ ಇದ್ದರೂ ಲೊಗೇನ್‌ಗೆ ಕಾಣೋದು ಗಡಿಯಾಚೆಯ ಹಳೆಯ ಶತ್ರು ಮಾತ್ರ. ಕಳಿಸಿದಷ್ಟು ಸೈನ್ಯವೂ ಹೋಗುತ್ತೆ, ಆಮೇಲೆ ಆರ್ಲೇ ಬಂದರೆ ನಾಡು ಕಾಯೋರು ಯಾರು ಅಂತ ಅವನ ಲೆಕ್ಕ. ತಪ್ಪು ಲೆಕ್ಕ. ಆದರೆ ನಾಟಕ ಅಲ್ಲ.

ಅದಕ್ಕೇ ಆಸ್ಟಗಾರ್ ದೃಶ್ಯಕ್ಕೆ ನಾನಾಗಿದ್ದರೆ 'ಕೈಬಿಟ್ಟ' ಅಂತ ಬರೆಯುತ್ತಿದ್ದೆ. ಅವನು ಚೂರಿ ಹಾಕಲಿಲ್ಲ, ಬಿಟ್ಟು ಹೋದ. ನೋಡುವವರು ತೀರ್ಪನ್ನು ಆಮೇಲೆ ಕೊಟ್ಟುಕೊಳ್ಳಲಿ.

— ಮರು 3 —

ಕೈಬಿಟ್ಟ? ಬಸ್ಸು ತಪ್ಪಿದ ಹಾಗಿದೆ. ರಾಜ ಸತ್ತ ಕೂಡಲೇ ತನ್ನ ಮಗಳು, ರಾಣಿ ಅನೋರಾ ಹೆಸರಲ್ಲಿ ತಾನೇ ಆಡಳಿತ ಹಿಡಿದ. ಆರ್ಲ್ ಅಂದರೆ ಸಾಮಂತನಾದ ಏಮನ್‌ಗೆ ವಿಷ ಹಾಕಿಸಿದ. ಹಣ ಬೇಕು ಅಂತ ರಾಜಧಾನಿ ಡೆನೆರಿಮ್‌ನ ಎಲ್ಫ್ ಜನಾಂಗದವರನ್ನು ಹೊರನಾಡಾದ ಟೆವಿಂಟರ್‌ನ ವ್ಯಾಪಾರಿಗಳಿಗೆ ಗುಲಾಮರಾಗಿ ಮಾರಿದ. ನಾಡಿನ ಪ್ರೀತಿಯಂತೆ! ಆ ಎಲ್ಫ್‌ಗಳು ಯಾವ ನಾಡಿನವರು? 'ರಾಜದ್ರೋಹ' ಹಾಕಿ, ಮುಗಿಸಿ.

— ಮರು 4 —

ನಮ್ಮ ಕಡೆ ಇಂಥದ್ದಕ್ಕೆ 'ಫಿತೂರಿ' ಅನ್ನುತ್ತೇವೆ. ಚಿಕ್ಕದು, ಎಲ್ಲರಿಗೂ ಗೊತ್ತು.

— ಮರು 1ರವರು ಮತ್ತೆ —

ಸಂಸ್ಕೃತ ಬೇಡ ಅಂದರೆ ಅರಬ್ಬಿ ತಂದಿರಿ. ಇದಕ್ಕೆ ನಾನು ಒಪ್ಪಲ್ಲ.

— ಮರು 4ರವರು ಮತ್ತೆ —

ಒಪ್ಪಬೇಡಿ. ಅರ್ಜಿ, ವಕೀಲ, ಜಮೀನು, ತಹಸೀಲ್ದಾರ್ ಇವನ್ನೆಲ್ಲ ಬಿಟ್ಟು ಒಂದು ಹೊಲ ಮಾರಿ ತೋರಿಸಿ. ಜನ ನೂರಾರು ವರ್ಷ ಬಾಯಲ್ಲಿ ಆಡಿದ ಪದಕ್ಕೆ ಹುಟ್ಟಿದೂರಿನ ಕಾಗದ ಕೇಳಬಾರದು.

— ಮರು 2ರವರು ಮತ್ತೆ —

ಎರವಲಿನ ಜಗಳ ಬೇರೆ ಎಳೆಯಲ್ಲಿ ಆಡೋಣ, ಇವರಿಗೆ ರಾತ್ರಿಯೊಳಗೆ ಪದ ಬೇಕು. 'ಫಿತೂರಿ' ಅಂದರೆ ಗುಟ್ಟಾಗಿ ಕೂಡಿ ಹೂಡುವ ಸಂಚು. ತನ್ನ ಜೊತೆಗಾರ ಸಾಮಂತ ಹೋವ್ ಜೊತೆ ಸೇರಿ ಲೊಗೇನ್ ಆಮೇಲೆ ನಡೆಸಿದ್ದಕ್ಕೆ ಅದು ಸರಿ. ಆಸ್ಟಗಾರ್‌ಗೆ ಅಲ್ಲ.

ಮರು 3ರವರು ಎತ್ತಿದ ಎಲ್ಫ್‌ಗಳ ಮಾತು ನಿಜ. ಅದನ್ನು ಯಾವ ಭಯವೂ ತೊಳೆಯಲ್ಲ. ಲ್ಯಾಂಡ್ಸ್‌ಮೀಟ್ ಸಭೆಯಲ್ಲಿ ದೊಡ್ಡವರು ಅವನ ಕೈ ಬಿಡೋದಕ್ಕೆ ಆ ಮಾರಾಟದ ಸುದ್ದಿಯೂ ಒಂದು ಕಾರಣ ಆಗುತ್ತೆ. ಆರ್ಲೇ ಭಯದಿಂದ ಶುರುವಾದವನು ಕೊನೆಗೆ ತನ್ನ ನಾಡಿನವರನ್ನೇ ಹೊರಗಿನವರಿಗೆ ಮಾರಿದ. ನನ್ನ ಮಟ್ಟಿಗೆ ಅವನ ದ್ರೋಹ ಅಲ್ಲಿದೆ, ಆಸ್ಟಗಾರ್‌ನಲ್ಲಿ ಅಲ್ಲ. 'ರಾಜದ್ರೋಹ' ಅಂದರೆ ಬರೀ ಕೇಲನ್‌ಗೆ ಮಾಡಿದ್ದು ಮಾತ್ರ ಉಳಿಯುತ್ತೆ. ಬರೀ 'ದ್ರೋಹ' ಸಾಕು, ಎರಡೇ ಅಕ್ಷರ. ಲೊಗೇನ್ ಬಾಯಲ್ಲೂ ಕೂರುತ್ತೆ: "ವಾರ್ಡನ್‌ಗಳು ರಾಜನಿಗೆ ದ್ರೋಹ ಬಗೆದರು."

ಮರು 1ರವರೇ, ಆ 'ಬಗೆದರು' ನೋಡಿ. ದ್ರೋಹವನ್ನು ನಾವು ಮಾಡುತ್ತೇವೆ ಅನ್ನೋದಕ್ಕಿಂತ ಜಾಸ್ತಿ ಬಗೆಯುತ್ತೇವೆ ಅಂತೀವಿ. ನಿಮ್ಮ ಪದ ಒಳಗೇ ಇದೆ. ವಚನಕಾರರು 'ಗುರುದ್ರೋಹಿ', 'ಶಿವದ್ರೋಹಿ' ಅಂತ ಸಲೀಸಾಗಿ ಬರೆದಿದ್ದಾರೆ. ಅವರ ಕನ್ನಡ ನಮಗಿಂತ ಕಮ್ಮಿಯದೇನಲ್ಲ, ಅಲ್ವಾ?

— ಮರು 1ರವರು ಮತ್ತೆ —

ವಚನಕಾರರು ಬಳಸಿದ್ದು ಅವರ ಕಾಲಕ್ಕೆ. 'ಎರಡು ಬಗೆ' ಸತ್ತರೆ ಮತ್ತೆ ಹುಟ್ಟಲ್ಲ. ನನ್ನ ಮಾತು ಬದಲಾಗಿಲ್ಲ.

— ಮರು 3ರವರು ಮತ್ತೆ —

ಆಸ್ಟಗಾರ್‌ನಲ್ಲೂ ದ್ರೋಹವೇ. ಬೆಂಕಿ ಹೊತ್ತಿತ್ತು, ಅವನು ನೋಡಿದ್ದ.

— ಕೇಳಿದವರು —

ಎಲ್ಲರಿಗೂ ಧನ್ಯವಾದ. ಕಾಳಗದ ದೃಶ್ಯದಲ್ಲಿ "ಲೊಗೇನ್ ರಾಜನನ್ನು ಕೈಬಿಟ್ಟ" ಅಂತ ಹಾಕುತ್ತಿದ್ದೇನೆ. ಲೊಗೇನ್ ಹೊರಿಸುವ ಆರೋಪಕ್ಕೂ, ಲ್ಯಾಂಡ್ಸ್‌ಮೀಟ್‌ನಲ್ಲಿ ಅವನ ಮೇಲೆ ಬರುವ ಆರೋಪಕ್ಕೂ 'ದ್ರೋಹ'. ಒಂದೇ ಪದ ಅವನ ಕಡೆಗೇ ತಿರುಗುತ್ತೆ, ನನಗೆ ಬೇಕಿದ್ದದ್ದೂ ಅದೇ. ಮರು 3ರವರಿಗೆ ಬೇಜಾರಾಗಬಹುದು. ಆದರೆ ಆಟದಲ್ಲಿ ಅವನನ್ನು ಕೊಲ್ಲದೆ ವಾರ್ಡನ್ ಮಾಡಿಕೊಳ್ಳುವ ದಾರಿಯೂ ಇದೆ. ಆ ದಾರಿ ಹಿಡಿದರೆ ಬದುಕುಳಿದ ಇನ್ನೊಬ್ಬ ವಾರ್ಡನ್ ಅಲಿಸ್ಟರ್ ಸಿಟ್ಟಾಗಿ ಹೊರಟುಹೋಗುತ್ತಾನೆ. ಅಷ್ಟು ಕಷ್ಟದ ಆಯ್ಕೆ ಮುಂದಿರುವಾಗ ಮೊದಲ ದೃಶ್ಯದಲ್ಲೇ ನಾನು ತೀರ್ಪು ಬರೆದುಬಿಡೋದು ಸರಿ ಅನ್ನಿಸಲಿಲ್ಲ.

'ಫಿತೂರಿ' ಹೋವ್‌ಗೆ ಹೋಗುತ್ತಿದೆ.