ಬ್ರಿಟನ್: ಮೊದಲ ಸಂಬಳಕ್ಕೆ ಆದಾಯ ತೆರಿಗೆಯೇ ಇಲ್ಲವೇ?

ಪ್ರಶ್ನೆ: ಬ್ರಿಟನ್ನಿನಲ್ಲಿ ಅಕ್ಟೋಬರ್‌ನಲ್ಲಿ ಮೊದಲ ಕೆಲಸಕ್ಕೆ ಸೇರಿದ್ದೇನೆ. ತಿಂಗಳ ಸಂಬಳ 3,000 ಪೌಂಡ್. ತೆರಿಗೆ ಸಂಕೇತ (ಎಷ್ಟು ಆದಾಯಕ್ಕೆ ತೆರಿಗೆ ಇಲ್ಲ ಎಂದು ತಿಳಿಸುವ ಗುರುತು) 1257ಎಲ್. ಆದರೂ ಸಂಬಳದ ಚೀಟಿಯಲ್ಲಿ ಆದಾಯ ತೆರಿಗೆ ಸೊನ್ನೆ ಎಂದಿರುವುದೇಕೆ?

ಉತ್ತರ 1: ಲೆಕ್ಕ ಸರಿಯಾಗಿದೆ. ಅಲ್ಲಿ ತೆರಿಗೆ ವರ್ಷ ಏಪ್ರಿಲ್ 6ರಂದು ಆರಂಭವಾಗುವುದರಿಂದ, 12,570 ಪೌಂಡ್‌ಗಳ ವಾರ್ಷಿಕ ವಿನಾಯಿತಿಯಲ್ಲಿ ತಿಂಗಳಿಗೆ ಸುಮಾರು 1,047 ಪೌಂಡ್‌ನಂತೆ ಏಳು ತಿಂಗಳ ಪಾಲು ಅಕ್ಟೋಬರ್ ಅಂತ್ಯದ ಹೊತ್ತಿಗೆ ನಿಮ್ಮ ಹೆಸರಿನಲ್ಲಿ ಒಟ್ಟುಗೂಡಿರುತ್ತದೆ. ತಿಂಗಳು ತಿಂಗಳೂ ಬೆಳೆಯುವ ಈ ಮೊತ್ತವನ್ನು ನಿಮ್ಮ ಒಟ್ಟು ಸಂಬಳ ಮೀರುವುದು ಜನವರಿಯಲ್ಲಿ. ಮೀರಿದ ಮೊತ್ತಕ್ಕಷ್ಟೇ ಶೇ. 20 ತೆರಿಗೆ.

ಉತ್ತರ 2: ಒಂದು ಎಚ್ಚರಿಕೆ. ಸಂಕೇತದ ಕೊನೆಯಲ್ಲಿ ‘ಎಂ1’ ಎಂದಿದ್ದರೆ ಪ್ರತಿ ತಿಂಗಳನ್ನೂ ಬಿಡಿಯಾಗಿ ಲೆಕ್ಕ ಹಾಕುತ್ತಾರೆ. ಹಿಂದಿನ ತಿಂಗಳುಗಳ ವಿನಾಯಿತಿ ಆಗ ಸಿಗದು. ಸಂಕೇತ ಬದಲಾದ ಮೇಲೆ, ಹೆಚ್ಚು ಕಡಿತವಾದದ್ದು ಸಾಮಾನ್ಯವಾಗಿ ಸಂಬಳದೊಂದಿಗೇ ಮರಳುತ್ತದೆ.

ಪ್ರಶ್ನೆ ಕೇಳಿದವರು: ಹಾಗಾದರೆ ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತೆಯ ವಂತಿಗೆ) ಮಾತ್ರ ಕಡಿತವಾದದ್ದೇಕೆ?

ಉತ್ತರ 1: ಅದನ್ನು ಆಯಾ ಸಂಬಳದ ಅವಧಿಗೇ ಲೆಕ್ಕ ಹಾಕುತ್ತಾರೆ, ಒಟ್ಟುಗೂಡಿಸುವುದಿಲ್ಲ.